ನಿಮ್ಮ ಬಗ್ಗೆ ಸ್ವಲ್ಪ ಹೇಳಿ

ಅಮೆರಿಕದ ರೆಸಿಡೆನ್ಸಿ ಇಂಟರ್‌ವ್ಯೂ ಅನ್ನೋದನ್ನ ಪರೀಕ್ಷೆ ಅಂತ ನೋಡೋದಕ್ಕಿಂತ ಒಂದು ಸಾಹಿತ್ಯ ಪ್ರಕಾರ ಅಂತ ನೋಡಿದರೆ ಹೆಚ್ಚು ಅರ್ಥವಾಗುತ್ತೆ. ಹದಿನೈದು ಇಪ್ಪತ್ತು ನಿಮಿಷ, ಎದುರಿಗೆ ಒಬ್ಬರು ಫ್ಯಾಕಲ್ಟಿ, ಮೊದಲ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಅದೇ: ನಿಮ್ಮ ಬಗ್ಗೆ ಸ್ವಲ್ಪ ಹೇಳಿ. ಆಮೇಲೆ, ನಮ್ಮ ಪ್ರೋಗ್ರಾಮೇ ಯಾಕೆ, ಕಷ್ಟ ಕೊಟ್ಟ ಪೇಷೆಂಟ್ ಯಾರು, ನಿಮ್ಮ ದೌರ್ಬಲ್ಯ ಏನು. ಎಂಬಿಬಿಎಸ್ ಮುಗಿಸಿ, ಲಕ್ಷಗಟ್ಟಲೆ ಸುರಿದು ಯುಎಸ್‌ಎಂಎಲ್‌ಇ ಬರೆದ ಬೆಂಗಳೂರಿನ, ಹುಬ್ಬಳ್ಳಿಯ ಡಾಕ್ಟರುಗಳ ಮುಂದಿನ ಬದುಕು ಈ ಪ್ರಕಾರದಲ್ಲಿ ಎಷ್ಟು ಪಳಗಿದ್ದಾರೆ ಅನ್ನೋದರ ಮೇಲೆ ನಿಂತಿರುತ್ತೆ. ಹಾಗಾಗಿ ಇದನ್ನೂ ಒಂದು ಕೃತಿಯ ಹಾಗೆ ವಿಮರ್ಶೆಗೆ ಒಡ್ಡಬೇಕು.

ನಮ್ಮಲ್ಲಿ ಈ ಪ್ರಕಾರವೇ ಇಲ್ಲ. ನೀಟ್ ಪಿಜಿಯಲ್ಲಿ ರ‍್ಯಾಂಕ್ ಬಂತು, ಕೌನ್ಸೆಲಿಂಗ್ ಆಯ್ತು, ಸೀಟು ಸಿಕ್ತು, ಅಷ್ಟೆ. ಮಕ್ಕಳ ವಿಭಾಗ ಯಾಕೆ ಬೇಕು, ಅಳೋ ಮಗುವನ್ನ ಒಂದು ಸಲವಾದ್ರೂ ಸಮಾಧಾನ ಮಾಡಿದ್ದೀಯಾ ಅಂತ ಯಾರೂ ಕೇಳಲ್ಲ. ಅದೇನೂ ದೊಡ್ಡ ನ್ಯಾಯ ಅಲ್ಲ. ಮನುಷ್ಯನನ್ನ ಮಾತಾಡಿಸಿ ಆರಿಸಿಕೊಳ್ಳೋದು ಒಳ್ಳೇದೇ. ಪ್ರಶ್ನೆ ಇರೋದು, ಆ ಮಾತಿನಲ್ಲಿ ಏನು ಕೇಳಿಸುತ್ತೆ, ಏನು ಕೇಳಿಸಲ್ಲ ಅನ್ನೋದರಲ್ಲಿ.

ಮೊದಲು ಭಾಷೆಯನ್ನೇ ತಗೊಳ್ಳಿ. ಇಂಗ್ಲಿಷ್ ಬರಲ್ಲ ಅನ್ನೋ ಸಮಸ್ಯೆ ಅಲ್ಲ ಇದು. ನಮ್ಮ ವಾರ್ಡುಗಳಲ್ಲಿ ಕಲಿಯೋ ಭಾಷೆ 'ನಾವು' ಅನ್ನೋದು. 'ಸರ್ ಹೇಳಿದ್ರು, ನಾವು ಲೈನ್ ಹಾಕಿದ್ವಿ, ಪೇಷೆಂಟ್ ಉಳಿದ್ರು.' ರಾತ್ರಿಯಿಡೀ ಒಬ್ಬಳೇ ನಿಂತು ನೋಡಿಕೊಂಡ ಇಂಟರ್ನ್ ಕೂಡ ಬೆಳಗ್ಗೆ ರೌಂಡ್ಸಲ್ಲಿ 'ನಾವು' ಅಂತಲೇ ಹೇಳ್ತಾಳೆ. 'ನಾನು' ಅಂದ್ರೆ ಜಂಬ. ಇಂಟರ್‌ವ್ಯೂ ಕೇಳೋದು ಅದೇ 'ನಾನು'. ನೀವೇನು ಮಾಡಿದ್ರಿ, ನೀವೇನು ಕಲಿತ್ರಿ? ವಿನಯದಿಂದ ಹೇಳಿದ ಉತ್ತರ ಅಲ್ಲಿ ಕೆಲಸವೇ ಮಾಡದವರ ಉತ್ತರದ ಹಾಗೆ ಕೇಳಿಸುತ್ತೆ.

ಈ ಕಂದಕ ತುಂಬೋಕೆ ಅಂತ ಕೋಚಿಂಗ್ ಹುಟ್ಟಿಕೊಂಡಿದೆ. ಮಾಕ್ ಇಂಟರ್‌ವ್ಯೂ, ಉತ್ತರದ ಟೆಂಪ್ಲೇಟು, ಪರ್ಸನಲ್ ಸ್ಟೇಟ್‌ಮೆಂಟ್ ತಿದ್ದುಪಡಿ, ಎಲ್ಲದಕ್ಕೂ ಡಾಲರ್ ಲೆಕ್ಕದ ಫೀಸು. ಪರಿಣಾಮ ಏನಂದ್ರೆ ಎಲ್ಲರ ಅಜ್ಜನಿಗೂ ಹಾರ್ಟ್ ಅಟ್ಯಾಕ್ ಆಗಿರುತ್ತೆ, ಎಲ್ಲರ ದೌರ್ಬಲ್ಯವೂ 'ಪರ್ಫೆಕ್ಷನಿಸಂ' ಆಗಿರುತ್ತೆ. ಕೋಚಿಂಗಿಗೆ ದುಡ್ಡು ಕೊಡೋ ಹುಡುಗರನ್ನ ಬೈಯೋದು ಸುಲಭ. ಒಂದೇ ಬಗೆಯ ಪ್ರಶ್ನೆ ವರ್ಷಾನುವರ್ಷ ಕೇಳಿದರೆ ಒಂದೇ ಬಗೆಯ ಉತ್ತರ ಬರದೆ ಇನ್ನೇನು ಬರುತ್ತೆ?

ನನ್ನ ದೊಡ್ಡ ತಕರಾರು ಬೇರೆ. ತಾಲ್ಲೂಕಿನ ಮೂಲೆಯ ಪಿಎಚ್‌ಸಿಯಲ್ಲಿ ಒಂದು ವರ್ಷ ಕೆಲಸ ಮಾಡಿ ಬಂದವರನ್ನ ಯೋಚಿಸಿ. ಹಾವು ಕಚ್ಚಿದವರು, ಮಾತ್ರೆ ಅರ್ಧಕ್ಕೆ ಬಿಟ್ಟ ಟಿಬಿ ಪೇಷೆಂಟು, ಆಂಬ್ಯುಲೆನ್ಸ್ ಬರೋ ಮೊದಲೇ ಆಗೋ ಹೆರಿಗೆ, ಎಲ್ಲ ಅವರ ಪಾಲಿಗೇ. ಪಕ್ಕದಲ್ಲಿ ಸ್ಪೆಷಲಿಸ್ಟ್ ಇರಲ್ಲ, ಸ್ಕ್ಯಾನ್ ಇರಲ್ಲ. ಅರ್ಜಿಯಲ್ಲಿ ಈ ವರ್ಷಕ್ಕಿಂತ ಅಮೆರಿಕದ ಯಾವುದೋ ಆಸ್ಪತ್ರೆಯಲ್ಲಿ ನಾಲ್ಕು ವಾರ ಅಬ್ಸರ್ವರ್‌ಶಿಪ್ ಮಾಡಿದ್ದಕ್ಕೇ ತೂಕ ಜಾಸ್ತಿ. ಅಬ್ಸರ್ವರ್‌ಶಿಪ್ ಅಂದ್ರೆ ಪೇಷೆಂಟನ್ನ ಮುಟ್ಟದೆ ನಿಂತು ನೋಡೋದು. ಅಲ್ಲಿನ ವ್ಯವಸ್ಥೆ ಗೊತ್ತಿರಬೇಕು ಅನ್ನೋ ವಾದ ಒಪ್ಪೋಣ. ಆದರೆ ನೋಡಿದವರಿಗೆ ಮಾಡಿದವರಿಗಿಂತ ಹೆಚ್ಚು ಅಂಕ ಕೊಡೋ ಓದು ಕೆಟ್ಟ ಓದು.

ವೀಸಾ ವಿಷಯದಲ್ಲಂತೂ ಈ ಪ್ರಕಾರ ಎರಡು ನಾಲಿಗೆ ಬೇಡುತ್ತೆ. ಜೆ-1 ವೀಸಾ ಬೇಕಾದರೆ ನಮ್ಮ ಆರೋಗ್ಯ ಸಚಿವಾಲಯದ ಪತ್ರ ಬೇಕು, ಓದು ಮುಗಿಸಿ ವಾಪಸ್ ಬರ್ತೀನಿ ಅಂತ ಭರವಸೆ ಕೊಡಬೇಕು. ಇಂಟರ್‌ವ್ಯೂನಲ್ಲಿ ಮಾತ್ರ 'ಈ ಊರಿನ ಜನರ ಸೇವೆಗೆ ಬದ್ಧ' ಅನ್ನಬೇಕು. ಎರಡು ವರ್ಷ ತಾಯ್ನಾಡಿಗೆ ಹೋಗದೆ ಉಳಿಯಬೇಕಂದ್ರೆ ಇರೋ ಮುಖ್ಯ ದಾರಿ ಕಾನ್ರಾಡ್ 30: ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜನ, ವೈದ್ಯರ ಕೊರತೆ ಇರೋ ಜಾಗದಲ್ಲಿ ಮೂರು ವರ್ಷ ಕೆಲಸ. ಅಂದರೆ ಕೊನೆಗೆ ಬೇಕಾಗೋದು ಆ ಪಿಎಚ್‌ಸಿಯ ಅನುಭವವೇ, ಮೊದಲ ಬಾಗಿಲಲ್ಲಿ ಯಾರೂ ಕೇಳದೇ ಇದ್ದದ್ದು.

ಸಮರ್ಥನೆಗೆ ಅಂತ ಮ್ಯಾಚ್ ಅಲ್ಗಾರಿದಂ ತೋರಿಸೋರಿದ್ದಾರೆ. ಅಲ್ಗಾರಿದಂ ಚೆನ್ನಾಗಿಯೇ ಇದೆ, ಅದನ್ನ ಮರುರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ಲೂ ಬಂತು. ಆದರೆ ಅದು ಕೂತಿರೋದು ಕೊನೆಯ ಬಾಗಿಲಲ್ಲಿ. ಮೊದಲ ಬಾಗಿಲಲ್ಲಿ ಫಿಲ್ಟರ್ ಇದೆ: ಪಾಸಾಗಿ ಎಷ್ಟು ವರ್ಷ ಆಯ್ತು, ವೀಸಾ ಬೇಕಾ, ಎಷ್ಟು ಸಲ ಪರೀಕ್ಷೆ ಬರೆದ್ರಿ. 2024ರ ಮ್ಯಾಚ್‌ನಲ್ಲಿ ಅಮೆರಿಕದ ಎಂಡಿ ಕಾಲೇಜುಗಳ ಕೊನೆ ವರ್ಷದವರಲ್ಲಿ ನೂರಕ್ಕೆ ಸುಮಾರು 93 ಮಂದಿಗೆ ಜಾಗ ಸಿಕ್ಕಿತು, ಅಮೆರಿಕದ ಪ್ರಜೆಗಳಲ್ಲದ ವಿದೇಶಿ ಪದವೀಧರರಲ್ಲಿ ಸುಮಾರು 58 ಮಂದಿಗೆ. ಇಂಟರ್‌ವ್ಯೂ ಕರೆಯೇ ಬರದೆ, ರ‍್ಯಾಂಕ್ ಪಟ್ಟಿಯೇ ಸಲ್ಲಿಸದವರು ಈ ಲೆಕ್ಕದಲ್ಲೇ ಇಲ್ಲ. 2022ರ ಜನವರಿಯಿಂದ ಸ್ಟೆಪ್ 1 ಬರೀ ಪಾಸ್-ಫೇಲ್ ಆಗಿದೆ. ಅಲ್ಲಿನ ವಿದ್ಯಾರ್ಥಿಗಳ ಒತ್ತಡ ಇಳಿಸೋಕೆ ಅದು ಒಳ್ಳೇದಿರಬಹುದು. ಯಾರೂ ಹೆಸರು ಕೇಳದ ಕಾಲೇಜಿನಿಂದ ಬಂದವರಿಗೆ ಮಾತ್ರ, ಶಿಫಾರಸಿಲ್ಲದೆ ತೋರಿಸಬಹುದಾದ ಒಂದು ಅಂಕೆ ಕೈತಪ್ಪಿತು.

ಒಂದು ಬದಲಾವಣೆ ನಿಜವಾಗಲೂ ಸಹಾಯ ಮಾಡಿದೆ. 2020ರ ನಂತರ ಹೆಚ್ಚಿನ ಇಂಟರ್‌ವ್ಯೂಗಳು ವಿಡಿಯೋದಲ್ಲೇ ನಡೀತಿವೆ. ವಿಮಾನದ ಟಿಕೆಟ್ಟು, ಹೋಟೆಲ್ಲು ಉಳೀತು. ನ್ಯೂಯಾರ್ಕಿನ ಬೆಳಗ್ಗೆ ಒಂಬತ್ತು ಅಂದ್ರೆ ಚಳಿಗಾಲದಲ್ಲಿ ನಮಗೆ ರಾತ್ರಿ ಏಳೂವರೆ. ದಿನದ ಡ್ಯೂಟಿ ಮುಗಿಸಿ, ಕರೆಂಟು ಹೋಗದಿರಲಿ ಅಂತ ಬೇಡಿಕೊಂಡು, ಕೋಟು ಹಾಕಿ ಕೂತರೆ ಆಯ್ತು.

ಅಬ್ರಹಾಂ ವರ್ಗೀಸ್ 'ಕಟಿಂಗ್ ಫಾರ್ ಸ್ಟೋನ್' (2009) ಕಾದಂಬರಿಯಲ್ಲಿ ಅಮೆರಿಕದ ಆಸ್ಪತ್ರೆಗಳನ್ನ ಮೇಫ್ಲವರ್, ಎಲ್ಲಿಸ್ ಐಲೆಂಡ್ ಅಂತ ಎರಡು ಜಾತಿ ಮಾಡಿ ತೋರಿಸ್ತಾರೆ. ಒಂದು ಅಲ್ಲಿನವರದು, ಇನ್ನೊಂದು ವಲಸೆ ಬಂದವರು ನಡೆಸೋ ಬಡವರ ಆಸ್ಪತ್ರೆ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಟೆನೆಸ್ಸಿಯಲ್ಲಿ ರೆಸಿಡೆನ್ಸಿ ಮಾಡಿದ ವರ್ಗೀಸ್‌ಗೆ ಈ ಜಾತಿ ಪದ್ಧತಿ ಒಳಗಿನಿಂದ ಗೊತ್ತು. ಅವರ ಕಾದಂಬರಿಯ ಬಲ ಇರೋದು, ಆ ಎರಡನೇ ಆಸ್ಪತ್ರೆಯಲ್ಲಿ ಒಳ್ಳೆಯ ಸರ್ಜನ್‌ಗಳು ತಯಾರಾಗ್ತಾರೆ ಅಂತ ನಂಬಿಸೋದರಲ್ಲಿ. ಅಲ್ಲಿ ಅವರನ್ನ ಅಳೆಯೋದು ಕೈಕೆಲಸದಿಂದ.

ಇಂಟರ್‌ವ್ಯೂ ಮಾಡೋರೂ ಅಷ್ಟು ಮಾಡಬಹುದು. 'ನಿಮ್ಮ ಬಗ್ಗೆ ಹೇಳಿ' ಬದಲು 'ಒಬ್ಬರೇ ಡ್ಯೂಟಿಯಲ್ಲಿದ್ದ ಒಂದು ರಾತ್ರಿಯ ಬಗ್ಗೆ ಹೇಳಿ' ಅಂತ ಕೇಳಲಿ, ಎಲ್ಲರಿಗೂ ಅದನ್ನೇ ಕೇಳಲಿ. ಈ ವರ್ಷ ಹೋಗ್ತಿರೋರು ಅವರು ಕೇಳೋವರೆಗೂ ಕಾಯಬೇಡಿ. ಅಜ್ಜನ ಕತೆ ಬಿಡಿ, ಪಿಎಚ್‌ಸಿ ಕತೆ ಹೇಳಿ. ಅದರಲ್ಲಿ ನೀವು ಮಾಡಿದ್ದಕ್ಕೆ 'ನಾನು' ಅನ್ನಿ. ಅದು ಜಂಬ ಅಲ್ಲ, ಕೇಸ್ ಶೀಟ್ ಸರಿಯಾಗಿ ಬರೆದ ಹಾಗೆ.