ಬೋಗಿಯ ಮೇಲೆ ರಾಷ್ಟ್ರಕೂಟ, ದಾರಿಯಲ್ಲಿ ಮಳಖೇಡವಿಲ್ಲ

ಚಳಿಗಾಲ ಬಂತೆಂದರೆ ಗೋಲ್ಡನ್ ಚಾರಿಯಟ್ ರೈಲಿನ ಚಿತ್ರಗಳು ಪತ್ರಿಕೆಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ನೇರಳೆ ಬಣ್ಣದ ಬೋಗಿಗಳು, ಅವುಗಳ ಮೇಲೆ ಬಂಗಾರದ ಗೆರೆ, ಜತೆಗೊಂದು ಮಾಮೂಲಿ ಹೊಗಳಿಕೆ: ಇಡೀ ಕರ್ನಾಟಕದ ಪರಂಪರೆಯನ್ನು ಹಳಿಯ ಮೇಲೆ ತೋರಿಸುವ ಗಾಡಿ ಇದು. ಯಾದಗಿರಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಓದಿದರೆ ಈ ಮಾತಿನಲ್ಲಿ 'ಇಡೀ' ಎಂಬ ಪದ ಸುಳ್ಳೆಂದು ತಿಳಿಯುತ್ತದೆ.

ಈ ಗಾಡಿಯ ಚರಿತ್ರೆ ಓದುಗರಿಗೆ ಗೊತ್ತಿರುವುದೇ. 2008ರಲ್ಲಿ ಶುರುವಾಯಿತು, ಹಂಪಿಯ ಕಲ್ಲಿನ ರಥದಿಂದ ಹೆಸರು ಪಡೆಯಿತು, ಕೆಲವು ಸೀಸನ್ ನಿಂತುಹೋಯಿತು, ಐಆರ್‌ಸಿಟಿಸಿ ಕೈಗೆ ಹೋಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟಿತು. ಊಟ, ಹಾಸಿಗೆ, ಉಪಚಾರಗಳ ಬಗ್ಗೆ ಇಲ್ಲಿ ತಕರಾರಿಲ್ಲ. ಹಳೇಬೀಡು, ಹಂಪಿಗಳ ಆಯ್ಕೆಯೂ ಸರಿಯಾದದ್ದೇ.

ತಕರಾರು ಇರುವುದು ಬೋಗಿಗಳ ಹೆಸರಿನಲ್ಲಿ. ಪ್ರಯಾಣಿಕರು ಮಲಗುವ ಬೋಗಿಗಳು 11. ಒಂದೊಂದಕ್ಕೂ ಈ ನೆಲವನ್ನು ಆಳಿದ ಒಂದೊಂದು ವಂಶದ ಹೆಸರು: ಕದಂಬ, ಹೊಯ್ಸಳ, ರಾಷ್ಟ್ರಕೂಟ, ಗಂಗ, ಚಾಲುಕ್ಯ, ಬಹಮನಿ, ಆದಿಲ್ ಶಾಹಿ, ಸಂಗಮ, ಶಾತವಾಹನ, ಯದುಕುಲ, ವಿಜಯನಗರ. ಗಾಡಿಯ ಒಟ್ಟು ಕಲ್ಪನೆಯಲ್ಲಿ ಅತ್ಯಂತ ಒಳ್ಳೆಯ ಭಾಗ ಇದು. ಪಟ್ಟಿ ಮಾಡಿದವರಿಗೆ ಕರ್ನಾಟಕದ ಇತಿಹಾಸ ಗೊತ್ತಿತ್ತು. ಬಹಮನಿ, ಆದಿಲ್ ಶಾಹಿಗಳನ್ನು ಬಿಡಲಿಲ್ಲ, ಶಾತವಾಹನರಷ್ಟು ಹಿಂದಕ್ಕೂ ಹೋದರು.

ಈ ಪಟ್ಟಿಯನ್ನು ನಕಾಶೆಯ ಮೇಲಿಟ್ಟು ನೋಡಬೇಕು. ರಾಷ್ಟ್ರಕೂಟರ ಮಾನ್ಯಖೇಟ ಎಂದರೆ ಇಂದಿನ ಮಳಖೇಡ, ಅಮೋಘವರ್ಷನ ಊರು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಮಾರ್ಗದಲ್ಲಿ ಮಳಖೇಡ ರೋಡ್ ಎಂಬ ನಿಲ್ದಾಣವೇ ಇದೆ. ಬಹಮನಿಗಳ ಮೊದಲ ರಾಜಧಾನಿ ಕಲಬುರಗಿ ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲಿದೆ. 1367ರ ಜಾಮಿ ಮಸೀದಿ ಅಲ್ಲಿನ ಕೋಟೆಯೊಳಗಿದೆ. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಅಂಥ ಮಸೀದಿ ಈ ದೇಶದಲ್ಲಿ ಅಪರೂಪ. ಆದಿಲ್ ಶಾಹಿಗಳ ವಿಜಯಪುರದಲ್ಲಿ ಗೋಳಗುಮ್ಮಟ ನಿಲ್ದಾಣಕ್ಕೆ ಹತ್ತಿರ. ಇನ್ನು ಶಾತವಾಹನರು: ಭೀಮಾ ದಂಡೆಯ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅವರ ಕಾಲದ ಸ್ತೂಪ ನೆಲದಿಂದ ಮೇಲೆ ಬಂದಿದೆ. ಅಶೋಕನ ಹೆಸರು ಬರೆದು ಅವನನ್ನೇ ಕಡೆದ ಶಿಲ್ಪ ಸಿಕ್ಕಿದ್ದು ಅಲ್ಲಿ. ಆ ಊರಿಗೆ ಹತ್ತಿರದ ನಿಲ್ದಾಣ ನಾಲವಾರ, ವಾಡಿಗೂ ಯಾದಗಿರಿಗೂ ನಡುವೆ.

11ರಲ್ಲಿ 4 ಬೋಗಿಗಳ ಹೆಸರು ಈ ಸೀಮೆಯದು. ಆದರೆ 'ಪ್ರೈಡ್ ಆಫ್ ಕರ್ನಾಟಕ' ಎಂಬ ಐದು ರಾತ್ರಿಗಳ ಪ್ರವಾಸದ ದಾರಿ ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವಾ. ಇನ್ನೊಂದು ಪ್ರವಾಸ ಮಹಾಬಲಿಪುರ, ತಂಜಾವೂರು, ಚೆಟ್ಟಿನಾಡು, ಕೊಚ್ಚಿಯವರೆಗೂ ಹೋಗುತ್ತದೆ. ಕೊಚ್ಚಿಗೆ ಹೋಗುವ ಗಾಡಿಗೆ ಕಲಬುರಗಿ ದೂರವಾಯಿತು. ರಾಷ್ಟ್ರಕೂಟ ಬೋಗಿಯಲ್ಲಿ ಮಲಗಿದವರು ಮಳಖೇಡವನ್ನು ನೋಡದೆ ಮನೆಗೆ ಮರಳುತ್ತಾರೆ. ಹೆಸರು ತೆಗೆದುಕೊಂಡು ಊರನ್ನು ಬಿಡುವುದು ಅನ್ಯಾಯ.

ಇದಕ್ಕೆ ಸಾಮಾನ್ಯವಾಗಿ ಎರಡು ಸಮಾಧಾನ ಕೇಳಿಬರುತ್ತವೆ. ಒಂದು, ಅದು ಬಿಸಿಲ ನಾಡು, ಪ್ರವಾಸಿಗರಿಗೆ ಆಗುವುದಿಲ್ಲ. ಇನ್ನೊಂದು, ಅಲ್ಲಿ ಇಳಿದುಕೊಳ್ಳಲು ದೊಡ್ಡ ಹೋಟೆಲುಗಳಿಲ್ಲ. ಏಪ್ರಿಲ್‌ನ ಯಾದಗಿರಿಯನ್ನು ಕಂಡವರು ಮೊದಲ ಮಾತನ್ನು ಅಲ್ಲಗಳೆಯಲಾರರು. ಆದರೆ ಈ ಗಾಡಿ ಓಡುವುದೇ ಚಳಿಗಾಲದ ಸೀಸನ್ನಿನಲ್ಲಿ. ಅದು ಈ ಸೀಮೆಗೂ ಸುಗ್ಗಿಯ ಕಾಲ. ಎರಿಹೊಲಗಳಲ್ಲಿ ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ, ತೊಗರಿ ರಾಶಿಗೆ ಬಂದಿರುತ್ತದೆ. ಎಳ್ಳಮವಾಸ್ಯೆಗೆ ಮನೆಮಂದಿಯೆಲ್ಲ ಸಜ್ಜಿರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಗುಡ್ಡ ಭಂಡಾರದಿಂದ ಹಳದಿಯಾಗುತ್ತದೆ. ಗಾಡಿಯ ಸೀಸನ್ನೂ ನಾಡಿನ ಸೀಸನ್ನೂ ಇಷ್ಟು ಚೆನ್ನಾಗಿ ಕೂಡಿಬರುವ ಜಾಗವನ್ನೇ ಬಿಸಿಲಿನ ಹೆಸರಲ್ಲಿ ಬಿಟ್ಟಿದ್ದಾರೆ. ಎರಡನೆಯ ಮಾತಂತೂ ನಿಲ್ಲುವುದೇ ಇಲ್ಲ. ತನ್ನ ಹಾಸಿಗೆ, ತನ್ನ ಅಡುಗೆಮನೆಯನ್ನು ತಾನೇ ಎಳೆದುಕೊಂಡು ಬರುವ ಗಾಡಿಗೆ ಊರಿನ ಹೋಟೆಲು ಯಾಕೆ ಬೇಕು? ಹೋಟೆಲಿಲ್ಲದ ಊರುಗಳನ್ನು ತೋರಿಸುವುದಕ್ಕೇ ಇಂಥ ಗಾಡಿ ಹೆಚ್ಚು ಒದಗುತ್ತದೆ.

ಈ ರೈಲನ್ನು ಟೀಕಿಸಿದವರು ಕಡಿಮೆಯೇನಲ್ಲ. ಅವರಲ್ಲಿ ಹೆಚ್ಚಿನವರು ದರಕ್ಕೆ ಗಂಟುಬಿದ್ದಿದ್ದಾರೆ. 4 ಲಕ್ಷ ರೂಪಾಯಿ ದಾಟುವ ಟಿಕೆಟ್, ಖಾಲಿ ಕ್ಯಾಬಿನ್ನು, ಸರ್ಕಾರಕ್ಕೆ ನಷ್ಟ ಎಂದು ಲೆಕ್ಕ ಹಾಕಿ ಅವರು ವಿಮರ್ಶೆ ಮುಗಿಸುತ್ತಾರೆ. ಇದು ಲೆಕ್ಕಪತ್ರದ ತಪಾಸಣೆ ಆಯಿತೇ ಹೊರತು ಪ್ರವಾಸದ ವಿಮರ್ಶೆ ಆಗಲಿಲ್ಲ. ನಾಳೆ ಎಲ್ಲ ಕ್ಯಾಬಿನ್ನುಗಳೂ ತುಂಬಿ ಲಾಭ ಬಂದರೆ ಅವರಿಗೆ ಹೇಳಲು ಏನೂ ಉಳಿಯುವುದಿಲ್ಲ, ಮಳಖೇಡ ಆಗಲೂ ದಾರಿಯಿಂದ ಹೊರಗೇ ಇರುತ್ತದೆ. ಮತ್ತೆ ಕೆಲವರು ನೀಲಗಿರಿ ರೈಲನ್ನು ಹೋಲಿಕೆಗೆ ತರುತ್ತಾರೆ. ಆ ಹೋಲಿಕೆ ಹೊಂದುವುದಿಲ್ಲ. ಮೆಟ್ಟುಪಾಳ್ಯಂನಿಂದ ಉದಕಮಂಡಲಕ್ಕೆ ಹಲ್ಲುಹಳಿ ಹಿಡಿದು ಏರುವ ಆ 46 ಕಿ.ಮೀ. ಹಳಿಯೇ ಪರಂಪರೆ, 2005ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿದ್ದು ಅದಕ್ಕೆ. ಗೋಲ್ಡನ್ ಚಾರಿಯಟ್‌ನಲ್ಲಿ ಹಳಿಯೂ ಹಳೆಯದಲ್ಲ, ಬೋಗಿಯೂ ಹಳೆಯದಲ್ಲ. ಅದು ನಿಲ್ಲುವ ಊರುಗಳಷ್ಟೇ ಅದರ ಪರಂಪರೆ. ಆದ್ದರಿಂದಲೇ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಮಿಕ್ಕೆಲ್ಲಕ್ಕಿಂತ ದೊಡ್ಡದು.

ಈ ಸೀಮೆಯವರೇ ಕೇಳುವ ಇನ್ನೊಂದು ಪ್ರಶ್ನೆಯ ತೂಕ ಬೇರೆ: ನಮಗೆ ಪ್ಯಾಸೆಂಜರ್ ಗಾಡಿಯೇ ಸಾಲದಿರುವಾಗ ರಥ ಯಾಕೆ? ಅವರ ಸಿಟ್ಟಿಗೆ ಕಾರಣವಿದೆ. 1871ರಲ್ಲೇ ಮುಂಬೈ, ಮದ್ರಾಸುಗಳ ಹಳಿಗಳು ರಾಯಚೂರಿನಲ್ಲಿ ಕೂಡಿದವು. ಸುರಪುರ, ಶಹಾಪುರ ಹಾದು ವಾಡಿ ಸೇರಬೇಕಾದ ಗದಗ–ವಾಡಿ ಮಾರ್ಗ ಮಾತ್ರ 2025ರ ಮೇ ತಿಂಗಳಲ್ಲಿ ಕುಷ್ಟಗಿ ಮುಟ್ಟಿತು. ಆದರೆ ಒಂದನ್ನು ಕೇಳಿದರೆ ಇನ್ನೊಂದನ್ನು ಬಿಡಬೇಕೆಂಬ ನಿಯಮವಿಲ್ಲ. ಯಾದಗಿರಿಯಲ್ಲಿ ಪ್ರವಾಸಿಗರು ಇಳಿದರೆ ಶಹಾಪುರದ ಮಲಗಿದ ಬುದ್ಧನ ಬೆಟ್ಟವಿದೆ, ವಿಭೂತಿಹಳ್ಳಿಯಲ್ಲಿ ಆದಿಮಾನವರು ಸಾಲುಸಾಲಾಗಿ ಹೂಡಿದ ಗುಂಡುಗಲ್ಲುಗಳಿವೆ, ಹುಣಸಗಿ ಪಕ್ಕದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದೆ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವಿದೆ. ಸುರಪುರದಲ್ಲಿ ಮೆಡೋಸ್ ಟೇಲರ್ ಕಟ್ಟಿಸಿದ ಮಂಜಿಲ್ ಗುಡ್ಡದ ಮೇಲಿದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಊರದು. ಪಕ್ಕದ ವಾಗಣಗೇರಿ ಕೋಟೆಗೆ 1705ರಲ್ಲಿ ಸ್ವತಃ ಔರಂಗಜೇಬನೇ ಮುತ್ತಿಗೆ ಹಾಕಿದ್ದ, ಅದೇ ಅವನ ಕಡೆಯ ದೊಡ್ಡ ಮುತ್ತಿಗೆ. ಸುರಪುರ ಶೈಲಿಯ ಚಿತ್ರ ಬರೆಯುವ ಕೈಗಳಿಗೆ, ಕಾರು ಓಡಿಸುವ ಹುಡುಗರಿಗೆ, ಊರಿನ ಕಥೆ ಹೇಳಬಲ್ಲ ಹಿರಿಯರಿಗೆ ಇದರಿಂದ ನಾಲ್ಕು ಕಾಸು ಬರುತ್ತದೆ.

ಹಳಿಯ ಅಡ್ಡಿಯೂ ಇಲ್ಲ. ಹೊಸಪೇಟೆ, ಗುಂತಕಲ್, ರಾಯಚೂರು, ಯಾದಗಿರಿ, ಕಲಬುರಗಿ, ಹೊಟಗಿ, ವಿಜಯಪುರ, ಬಾಗಲಕೋಟೆ, ಗದಗ: ಈ ಸುತ್ತು ಪೂರ್ತಿ ಬ್ರಾಡ್‌ಗೇಜ್. ಹಂಪಿ ನೋಡಿ ರಾತ್ರಿ ಹೊಸಪೇಟೆ ಬಿಟ್ಟರೆ, ಭೀಮೆಯನ್ನು ಕೂಡಿಸಿಕೊಂಡು ಹರಿಯುವ ಕೃಷ್ಣೆಯ ಸೇತುವೆಯನ್ನು ನಸುಕಿನಲ್ಲಿ ದಾಟುವಂತೆ ವೇಳಾಪಟ್ಟಿ ಮಾಡಬಹುದು. ಯಾದಗಿರಿಯಲ್ಲಿ ಬೆಳಗಿನ ಉಪಾಹಾರ, ಹಗಲು ಸುರಪುರ, ಶಹಾಪುರ. ಮರುದಿನ ನಾಲವಾರದಲ್ಲಿಳಿದು, ಶಾತವಾಹನ ಬೋಗಿಯಲ್ಲಿ ಮಲಗೆದ್ದವರು ಕನಗನಹಳ್ಳಿಯ ಅಶೋಕನ ಎದುರು ನಿಲ್ಲಬಹುದು.