ಊಟ ಮುಗಿದ ಮೇಲಿನ ಗ್ಲಾಸು

ಕರ್ನಾಟಕದ ಬಾರುಗಳಲ್ಲಿ ಕ್ರಮವೇ ಬೇರೆ. ಮೊದಲು ಪೆಗ್ಗು, ನೆಂಚಿಕೊಳ್ಳಲು ಕಡಲೆಕಾಯಿ ಮಸಾಲೆಯೋ ಚಿಕನ್ ಕಬಾಬೋ, ಎಲ್ಲ ಆಯಿತು ಅನ್ನುವಾಗ ಒಂದು ಎಗ್ ರೈಸ್. ತಟ್ಟೆ ಬಂತೆಂದರೆ ರಾತ್ರಿ ಮುಗಿಯಿತೆಂದೇ ಲೆಕ್ಕ. ಕೈ ತೊಳೆದ ಮೇಲೆ ಮತ್ತೆ ಗ್ಲಾಸು ಮುಟ್ಟುವವನನ್ನು ಜೊತೆಯವರೇ ಒಂಥರಾ ನೋಡುತ್ತಾರೆ. ಇಂಥ ಅಭ್ಯಾಸದ ಕನ್ನಡಿಗನನ್ನು ಲಂಡನ್ನಿನ ಸ್ನೇಹಿತರು ಹೊಟ್ಟೆ ತುಂಬಿದ ಮೇಲೆ ‘ನಡಿ, ಒಂದು ಡ್ರಿಂಕ್ ತಗೊಳ್ಳೋಣ’ ಎಂದು ಎಬ್ಬಿಸಿದರೆ ತಬ್ಬಿಬ್ಬಾಗದೆ ಇನ್ನೇನು?

ತಬ್ಬಿಬ್ಬಾದವನು ಸಾಮಾನ್ಯವಾಗಿ ಹೆಸರಿನ ಹಿಂದೆ ಹೋಗುತ್ತಾನೆ. ಲಂಡನ್ನಿನಲ್ಲಿ ಹೆಸರಿಗೇನೂ ಬರವಿಲ್ಲ. ಮೇಫೇರಿನ ಕಾನಟ್ ಬಾರ್ 2020 ಮತ್ತು 2021ರಲ್ಲಿ ‘ವಿಶ್ವದ 50 ಅತ್ಯುತ್ತಮ ಬಾರ್’ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಸೇಂಟ್ ಜೇಮ್ಸ್‌ನ ಡ್ಯೂಕ್ಸ್ ಹೋಟೆಲಿನ ಬಾರು ಜೇಮ್ಸ್ ಬಾಂಡನ ಕರ್ತೃ ಇಯಾನ್ ಫ್ಲೆಮಿಂಗ್ ಬಂದು ಕೂರುತ್ತಿದ್ದ ಜಾಗ. ಎರಡೂ ಮಾರ್ಟಿನಿಗೆ ಪ್ರಸಿದ್ಧ, ಎರಡು ಕಡೆಯೂ ಟ್ರಾಲಿ ಮೇಜಿನ ಬಳಿಗೇ ಬರುತ್ತದೆ. ಡ್ಯೂಕ್ಸ್‌ನಲ್ಲಿ ಜಿನ್ನಿನ ಬಾಟಲಿ ಫ್ರೀಜರಿನಿಂದ ನೇರವಾಗಿ ಹೊರಬರುತ್ತದೆ. ಐಸಿನ ಜೊತೆ ಕಲಕುವುದೂ ಇಲ್ಲ, ಕುಲುಕುವುದೂ ಇಲ್ಲ. ಮಾರ್ಟಿನಿಯಲ್ಲಿ ಜಿನ್ನಿನ ಜೊತೆ ಸೇರುವ ವರ್ಮೂತ್ ಗ್ಲಾಸಿನ ಒಳಮೈಗೆ ಸವರಿದಷ್ಟೇ. ಕರಗಿದ ಐಸಿನ ಒಂದು ಹನಿ ನೀರೂ ಸೇರದ ಈ ಪಾನೀಯ ಹೆಚ್ಚುಕಡಿಮೆ ನೀಟ್ ಜಿನ್ನೇ. ಒಬ್ಬರಿಗೆ ಎರಡೇ ಎಂದು ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ಆದರೆ ಮಾರ್ಟಿನಿ ಹಸಿವು ಕೆರಳಿಸುವ ಪಾನೀಯ. ಊಟದ ಜೊತೆ ವೈನ್ ಕುಡಿದವರು ಅದರ ಮೇಲೆ ಡ್ಯೂಕ್ಸ್‌ನ ಮಾರ್ಟಿನಿ ಹಾಕಿಕೊಳ್ಳುವುದು ಹೊಟ್ಟೆಗೂ ಮಾರ್ಟಿನಿಗೂ ಮಾಡುವ ಅನ್ಯಾಯ. ಅಲ್ಲಿಗೆ ಸಂಜೆ ಆರಕ್ಕೆ ಹೋಗಬೇಕು. ಊಟಕ್ಕೆ ಮುಂಚಿನ ಬಾರು ಬೇರೆ, ನಂತರದ್ದು ಬೇರೆ. ಪಟ್ಟಿಗಳು ಇದನ್ನು ಹೇಳುವುದೇ ಇಲ್ಲ.

ಈ ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಸೋಹೋದ ಓಲ್ಡ್ ಕಾಂಪ್ಟನ್ ಸ್ಟ್ರೀಟಿಗೆ ಹೋದರೆ ಸಾಕು. 2016ರಲ್ಲಿ ಬಾಗಿಲು ತೆರೆದ ‘ಸ್ವಿಫ್ಟ್’ ಒಂದೇ ವಿಳಾಸದಲ್ಲಿ ಎರಡು ಬಾರು. ರಸ್ತೆಯ ಮಟ್ಟದ್ದು ಬೆಳಕಿನ, ಗಲಗಲ ಎನ್ನುವ ಕೋಣೆ: ಊಟಕ್ಕೆ ಹೊರಟವರು ಒಂದು ಹಗುರ ಗ್ಲಾಸು ಮುಗಿಸಿ ಹೊರಡುವ ಜಾಗ. ಮೆಟ್ಟಿಲಿಳಿದರೆ ಮಂದ ಬೆಳಕು, ಮೆತ್ತನೆಯ ಆಸನ, ಗೋಡೆಗೆ ವಿಸ್ಕಿ. ಸ್ವಿಫ್ಟ್‌ನ ಐರಿಷ್ ಕಾಫಿಗೂ ಒಳ್ಳೆಯ ಹೆಸರಿದೆ. ರಾತ್ರಿ ಹತ್ತರ ನಂತರ ಕೆಳಗಿಳಿಯುವುದೇ ಸರಿ.

ಲಂಡನ್ನಿನ ಹಳೆಯ ಒಳ್ಳೆಯ ಬಾರುಗಳು ಹೋಟೆಲುಗಳಲ್ಲೇ ಇರುವುದಕ್ಕೆ ಕಾನೂನಿನ ಪಾಲೂ ಇದೆ. ಬಹುಕಾಲ ಪಬ್ಬುಗಳು ರಾತ್ರಿ 11ಕ್ಕೆ ಗಂಟೆ ಬಾರಿಸಿ ಗಿರಾಕಿಗಳನ್ನು ಸಾಗಹಾಕುತ್ತಿದ್ದವು. ಹೋಟೆಲಿನಲ್ಲಿ ತಂಗಿದವರಿಗೆ ಮಾತ್ರ ಆ ಕಟ್ಟು ಇರಲಿಲ್ಲ. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ ವೇಳೆ ಸಡಿಲವಾಯಿತು.

ಅಂಥ ಹೋಟೆಲುಗಳಲ್ಲಿ ಒಂದು ಸ್ಟ್ರ್ಯಾಂಡಿನ ಸೆವಾಯ್, 1889ರದ್ದು. ಅದರ ಅಮೆರಿಕನ್ ಬಾರಿನ ಹೊಣೆ 1903ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಏಡಾ ಕೋಲ್ಮನ್ ಎಂಬ ಮಹಿಳೆಯ ಕೈಯಲ್ಲಿತ್ತು. ದಣಿದು ಬಂದು ‘ಸ್ವಲ್ಪ ಜೋರಾದದ್ದು ಕೊಡು’ ಎಂದು ಕೇಳುತ್ತಿದ್ದ ನಟ ಚಾರ್ಲ್ಸ್ ಹಾಟ್ರಿಗಾಗಿ ಆಕೆ ಕಂಡುಹಿಡಿದದ್ದು ‘ಹ್ಯಾಂಕಿ ಪ್ಯಾಂಕಿ’: ಜಿನ್ ಮತ್ತು ಸಿಹಿ ವರ್ಮೂತ್ ಸಮಸಮ, ಮೇಲೆ ಎರಡೇ ಡ್ಯಾಶ್ ಫರ್ನೆಟ್ ಬ್ರಾಂಕಾ. ಆಕೆಯ ನಂತರ ಬಂದ ಹ್ಯಾರಿ ಕ್ರ್ಯಾಡಾಕ್ 1930ರ ‘ದಿ ಸೆವಾಯ್ ಕಾಕ್‌ಟೇಲ್ ಬುಕ್’ನಲ್ಲಿ ಅದನ್ನು ಸೇರಿಸಿದರು. ಫರ್ನೆಟ್ ಬ್ರಾಂಕಾ 1845ರಲ್ಲಿ ಮಿಲಾನಿನಲ್ಲಿ ಹುಟ್ಟಿದ್ದು. ಕೇಸರಿ, ಕ್ಯಾಮಮೈಲ್ ಸೇರಿ 27 ಮೂಲಿಕೆ-ಮಸಾಲೆಗಳ ಕಹಿ. ಭರ್ಜರಿ ಊಟದ ಮೇಲೆ ತಾಂಬೂಲ ಮಾಡುವ ಕೆಲಸವನ್ನೇ ಆ ಕೆಲವು ಹನಿಗಳು ಮಾಡುತ್ತವೆ. ಊಟದ ನಂತರದ ಕಾಕ್‌ಟೇಲ್ ಎಂದೊಡನೆ ಕೆನೆ ಸುರಿದ ಅಲೆಕ್ಸಾಂಡರ್ ತರುವವರಿದ್ದಾರೆ. ಪುಡ್ಡಿಂಗ್ ತಿಂದವರಿಗೆ ಇನ್ನೊಂದು ಪುಡ್ಡಿಂಗ್ ಯಾಕೆ?

ಲಂಡನ್ನೇ ಜಗತ್ತಿಗೆ ಕೊಟ್ಟ ಇನ್ನೊಂದು ಊಟದ ನಂತರದ ಪಾನೀಯ ಎಸ್ಪ್ರೆಸೊ ಮಾರ್ಟಿನಿ. ಹೆಸರಿನಲ್ಲಿ ಮಾರ್ಟಿನಿ ಇದ್ದರೂ ಅದಕ್ಕೆ ಜಿನ್ನೂ ಇಲ್ಲ, ವರ್ಮೂತೂ ಇಲ್ಲ. 1980ರ ದಶಕದಲ್ಲಿ ಸೋಹೋದ ಬಾರ್‌ಟೆಂಡರ್ ಡಿಕ್ ಬ್ರ್ಯಾಡ್ಸೆಲ್ ವೋಡ್ಕಾ, ಕಾಫಿ ಲಿಕ್ಯೂರ್, ಸಕ್ಕರೆ ಪಾಕಕ್ಕೆ ಆಗಷ್ಟೇ ಇಳಿಸಿದ ಎಸ್ಪ್ರೆಸೊ ಸೇರಿಸಿ ಕುಲುಕಿದ್ದು ಇದರ ಮೂಲ. ಮೇಲಿನ ದಟ್ಟ ನೊರೆಯೇ ಇದರ ಪರೀಕ್ಷೆ. ಆರಿದ ಕಾಫಿಯಿಂದ ಅದು ಬರುವುದಿಲ್ಲ. ರೊಬಸ್ಟಾ ಬೆರೆತ ಕಾಫಿಯಲ್ಲಿ ನೊರೆ ಹೆಚ್ಚು ದಪ್ಪ. ಭಾರತದ ಕಾಫಿಯ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಹಾಗಾಗಿ ಇಟಲಿಯ ಕಾಫಿಪುಡಿ ಬಳಸುವ ಸೋಹೋದ ಬಾರಿನ ನೊರೆಯಲ್ಲಿ ಕೊಡಗಿನದೋ ಚಿಕ್ಕಮಗಳೂರಿನದೋ ಪಾಲಿದ್ದರೆ ಆಶ್ಚರ್ಯವಿಲ್ಲ. (ರಾತ್ರಿ ಹನ್ನೊಂದಕ್ಕೆ ಕಾಫಿ ಕುಡಿದರೆ ನಿದ್ದೆ ಬಾರದವರು ಹ್ಯಾಂಕಿ ಪ್ಯಾಂಕಿಗೇ ಅಂಟಿಕೊಳ್ಳುವುದು ಲೇಸು.)

ಹೆಸರಿಲ್ಲದ ಬಾರನ್ನು ಅಳೆಯುವುದು ಹೇಗೆ? ವರ್ಮೂತ್ ಎಲ್ಲಿದೆ ನೋಡಬೇಕು. ಅದು ಮೂಲತಃ ವೈನು. ತೆರೆದ ಮೇಲೆ ಫ್ರಿಜ್ಜಿನಲ್ಲಿರಬೇಕು. ವಿಸ್ಕಿ ಬಾಟಲಿಗಳ ಸಾಲಿನಲ್ಲಿ ದೀಪದ ಕೆಳಗೆ ಬೆಚ್ಚಗೆ ನಿಂತಿದ್ದರೆ ಅಲ್ಲಿ ಕಾಕ್‌ಟೇಲ್ ಬಿಟ್ಟು ವಿಸ್ಕಿ ಕೇಳುವುದೇ ಜಾಣತನ. ಐಸು ದೊಡ್ಡ ಗಟ್ಟಿ ತುಂಡಾಗಿರಬೇಕು, ಪುಡಿ ಐಸು ನಾಲ್ಕು ಗುಟುಕಿಗೇ ಎಲ್ಲವನ್ನೂ ನೀರು ಮಾಡುತ್ತದೆ. ಕುರ್ಚಿಗೆ ಬೆನ್ನು ಇರಬೇಕು. ಪಕ್ಕದವರ ಮಾತು ಕೇಳಿಸದಷ್ಟು ಸಂಗೀತವಿದ್ದರೆ ಅದು ಡಾನ್ಸಿಗೆ ಬಂದವರ ಜಾಗ.

ಬಿಲ್ಲಿನ ಬಗ್ಗೆಯೂ ಎಚ್ಚರ ಬೇಕು: ದೊಡ್ಡ ಹೋಟೆಲುಗಳಲ್ಲಿ ಒಂದು ಕಾಕ್‌ಟೇಲಿಗೆ 20 ಪೌಂಡಿಗೂ ಹೆಚ್ಚು, ಮೇಲೆ ಸರ್ವಿಸ್ ಚಾರ್ಜು ಬೇರೆ. ಅದಕ್ಕೆ ಬದಲಾಗಿ ಆಲಿವು, ಬೀಜಗಳ ಬಟ್ಟಲು ಬರುತ್ತದೆ, ಎಬ್ಬಿಸುವವರು ಯಾರೂ ಇರುವುದಿಲ್ಲ. ವಾಪಸಾತಿಗೆ ರಾತ್ರಿಯಿಡೀ ಓಡುವ ಟ್ಯೂಬ್ ಶುಕ್ರವಾರ ಮತ್ತು ಶನಿವಾರ ಮಾತ್ರ, ಅದೂ ಪಿಕಡಿಲಿ, ನಾರ್ದರ್ನ್‌ನಂಥ ಕೆಲವೇ ಮಾರ್ಗಗಳಲ್ಲಿ. ಉಳಿದ ದಿನ ರಾತ್ರಿ ಬಸ್ಸೇ ಗತಿ.