ಮಹಾಪ್ರಬಂಧಗಳ ಭಂಡಾರ ಮತ್ತು ಅದರ ವಾರಸುದಾರರು

ಕಲಬುರಗಿಯ ಬ್ರಹ್ಮಪುರದಲ್ಲಿ, ಶರಣಬಸವೇಶ್ವರರ ಗುಡಿಯ ಆಸುಪಾಸಿನ ಓಣಿಯಲ್ಲಿ ಕೂತ ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಮೇಲೆ ಈವರೆಗೆ ಏನೇನು ಕೆಲಸ ನಡೆದಿದೆ ಎಂದು ತಿಳಿಯಬೇಕಿದೆ ಎನ್ನೋಣ. ಆಕೆ ಸೇಡಂ ರಸ್ತೆಯ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲೇ ಫೋನಿನಲ್ಲಿ ಶೋಧಗಂಗಾ ತೆರೆಯುತ್ತಾಳೆ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಪಿಎಚ್.ಡಿ. ಮಹಾಪ್ರಬಂಧಗಳನ್ನು ಓದಲು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಭಂಡಾರವೇ ಈಗ ಹತ್ತಿರದ ದಾರಿ. ಆದರೆ ಕನ್ನಡ ಮಹಾಪ್ರಬಂಧಗಳ ಶೀರ್ಷಿಕೆಗಳು ಅಲ್ಲಿ ಎಷ್ಟೋ ಕಡೆ ಇಂಗ್ಲಿಷ್ ಅಕ್ಷರಗಳಲ್ಲಿವೆ. ಕಡಕೋಳ ಎಂಬ ಊರನ್ನೂ ಮಡಿವಾಳಪ್ಪ ಎಂಬ ಹೆಸರನ್ನೂ ಆ ಅಕ್ಷರಗಳಲ್ಲಿ ಬರೆಯಲು ನಾಲ್ಕಾರು ದಾರಿಗಳಿವೆ. ಒಂದೊಂದು ಕಾಗುಣಿತಕ್ಕೆ ಒಂದೊಂದು ಫಲಿತಾಂಶ ಬರುತ್ತದೆ. ಮಳಖೇಡ, ಮಾನ್ಯಖೇಟ ಎಂಬ ಒಂದೇ ಊರಿನ ಎರಡು ಹೆಸರುಗಳ ಗತಿಯೂ ಇದೇ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ವಿಶ್ವವಿದ್ಯಾಲಯದ ಹೆಸರು ಮಾತ್ರ ಗುಲ್ಬರ್ಗಾ ಆಗಿಯೇ ಉಳಿಯಿತು. ಈ ಜಿಲ್ಲೆಯ ಬಗ್ಗೆ ಹುಡುಕುವವರು ಎರಡೂ ಹೆಸರುಗಳನ್ನು ಹಾಕಿ ನೋಡಲೇಬೇಕು.

ಇಂಥ ಭಂಡಾರಗಳ ಬಗ್ಗೆ ನಮ್ಮಲ್ಲಿ ಉದ್ಘಾಟನೆಯ ದಿನ ಮಾತಾಡುತ್ತಾರೆ, ಆಮೇಲೆ ಮರೆಯುತ್ತಾರೆ. ಒಂದು ಕಾದಂಬರಿಯನ್ನು, ಒಂದು ನಾಟಕ ಪ್ರಯೋಗವನ್ನು ನೋಡುವಷ್ಟೇ ನಿಷ್ಠುರವಾಗಿ ಇವನ್ನೂ ನೋಡಬೇಕೆಂದು ನನಗನ್ನಿಸುತ್ತದೆ. ಈ ಭಾಗದ ಹಲವು ದಶಕಗಳ ವಿದ್ವತ್ತು ಇವುಗಳೊಳಗಿದೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಶೋಧಗಂಗಾದ ಅಡಿಯಲ್ಲಿರುವುದು ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶ. ಅಮೆರಿಕದ ಎಂಐಟಿ ಗ್ರಂಥಾಲಯವೂ ಎಚ್‌ಪಿ ಕಂಪನಿಯ ಪ್ರಯೋಗಾಲಯವೂ ಸೇರಿ 2002ರಲ್ಲಿ ಅದನ್ನು ಬಿಡುಗಡೆ ಮಾಡಿದವು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಪರವಾನಗಿ ಶುಲ್ಕವಿಲ್ಲ. ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಅದಕ್ಕೂ ಮುನ್ನ ರೆಕ್ಸಿನ್ ರಟ್ಟಿನ ಮಹಾಪ್ರಬಂಧ ವಿಭಾಗದ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ಮಾರ್ಗದರ್ಶಕರ ಪರಿಚಯವಿದ್ದವರಿಗೆ ಸಿಗುತ್ತಿತ್ತು, ಉಳಿದವರಿಗೆ ಇಲ್ಲ. ಆ ಬೀಗ ಒಡೆದದ್ದು ದೊಡ್ಡ ಸಾಧನೆ. ಔರಾದಿನ ಹುಡುಗನೊಬ್ಬ ಇಂದು ಯಾರ ಶಿಫಾರಸೂ ಇಲ್ಲದೆ ಅದನ್ನು ಓದಬಲ್ಲ. ಒಂದೇ ಪ್ರಬಂಧವನ್ನು ಅಧ್ಯಾಯಕ್ಕೊಂದರಂತೆ ತುಂಡು ಪಿಡಿಎಫ್‌ಗಳಾಗಿ ಹಾಕುವ ಶೋಧಗಂಗಾದ ಪದ್ಧತಿ ಓದುಗನಿಗೆ ಕಿರಿಕಿರಿ ಕೊಡುತ್ತದೆ. ಆದರೂ ಅದು ಸಣ್ಣ ದೋಷ.

ದೊಡ್ಡ ಪ್ರಶ್ನೆ ಬೇರೆ. ತಂತ್ರಾಂಶಕ್ಕೆ ವಯಸ್ಸಾಗುತ್ತದೆ. 2021ರ ಆಗಸ್ಟ್‌ನಲ್ಲಿ ಡಿಸ್ಪೇಸ್‌ನ 7ನೇ ಆವೃತ್ತಿ ಬಂದಾಗ ಬಳಕೆದಾರರಿಗೆ ಕಾಣುವ ಹಳೆಯ ಎರಡು ಮುಖಪುಟಗಳನ್ನೂ ಕಿತ್ತುಹಾಕಿ ಆ್ಯಂಗ್ಯುಲರ್ ಎಂಬ ಚೌಕಟ್ಟಿನಲ್ಲಿ ಹೊಸದಾಗಿ ಕಟ್ಟಿದರು. 5ನೇ ಆವೃತ್ತಿಗೆ 2023ರ ಆರಂಭದಲ್ಲಿ, 6ನೆಯದಕ್ಕೆ ಅದೇ ವರ್ಷದ ಜುಲೈಯಲ್ಲಿ ಬೆಂಬಲ ನಿಂತಿತು. ಬೆಂಬಲ ನಿಂತಿತೆಂದರೆ ಭದ್ರತೆಯ ಲೋಪ ಕಂಡರೂ ತೇಪೆ ಬರುವುದಿಲ್ಲ. ಹಳೆಯ ಮುಖಪುಟಕ್ಕೆ ವಿಶ್ವವಿದ್ಯಾಲಯದ ಲಾಂಛನ, ಬಣ್ಣ, ತಮಗೆ ಬೇಕಾದ ಗುಂಡಿಗಳನ್ನೆಲ್ಲ ಜೋಡಿಸಿಕೊಂಡಿದ್ದ ಗ್ರಂಥಾಲಯಗಳು ಅದೆಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಹೊಸ ಆವೃತ್ತಿಗೆ ದಾಟುವ ಈ ಸ್ಥಳಾಂತರವನ್ನು ಒಂದು ಬಾರಿಯ ಆಪತ್ತೆಂದು ಕಾಣುವುದೇ ನಮ್ಮ ಮೂಲ ತಪ್ಪು. 2024ರಲ್ಲಿ 8ನೇ ಆವೃತ್ತಿ ಬಂತು, ಆಮೇಲೂ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ. ಸರ್ವರ್ ಕೊಳ್ಳುವ ದಿನವೇ ಮುಂದಿನ ಸ್ಥಳಾಂತರಕ್ಕೆ ಹಣ, ಜನ, ಗಡುವು ಬರೆದಿಡದ ಸಂಸ್ಥೆ ಭಂಡಾರವನ್ನು ಕಟ್ಟಿದೆ ಎನ್ನಲಾಗದು, ಬರೀ ತೆರೆದಿದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಗುತ್ತಿಗೆಯ ತಂತ್ರಜ್ಞನೊಬ್ಬ ಬಂದು ಡಿಸ್ಪೇಸ್ ಹಾಕಿಕೊಡುತ್ತಾನೆ. ಪಾಸ್‌ವರ್ಡ್ ಅವನ ಹತ್ತಿರ, ಏನೇನು ತಿದ್ದಿದ ಎಂಬ ನೆನಪೂ ಅವನ ಹತ್ತಿರ. ಗುತ್ತಿಗೆ ಮುಗಿದು ಅವನು ಬೆಂಗಳೂರಿಗೋ ಹೈದರಾಬಾದಿಗೋ ಹೋದ ಮೇಲೆ ಯಂತ್ರವನ್ನು ಮುಟ್ಟಲು ಎಲ್ಲರಿಗೂ ಭಯ. ಬ್ಯಾಕಪ್ ಇದೆಯೇ ಎಂದರೆ ಇದೆ ಎನ್ನುತ್ತಾರೆ. ಅದರಿಂದ ಮರಳಿ ಕಟ್ಟಿ ನೋಡಿದ್ದೀರಾ ಎಂದರೆ ಮೌನ.

ಈ ಮೌನ ಎಷ್ಟು ಅಪಾಯದ್ದೆಂದು ತಿಳಿಯಲು ಡಿಸ್ಪೇಸ್ ಒಳಗೆ ಕಡತ ಹೇಗಿರುತ್ತದೆಂದು ನೋಡಬೇಕು. ಪಿಡಿಎಫ್‌ಗಳು ಅಸೆಟ್‌ಸ್ಟೋರ್ ಎಂಬ ಕಡತಕೋಶದಲ್ಲಿ ಇರುತ್ತವೆ. ಅಲ್ಲಿ ಅವಕ್ಕೆ ಹೆಸರಿಲ್ಲ, ಉದ್ದನೆಯ ಅಂಕಿಗಳ ಸಾಲಷ್ಟೇ. ಪಿಡಿಎಫ್ ಎಂಬ ಬಾಲವೂ ಇರುವುದಿಲ್ಲ. ಯಾವ ಅಂಕಿ ಯಾರ ಪ್ರಬಂಧದ ಯಾವ ಅಧ್ಯಾಯ ಎಂಬುದು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಮಾತ್ರ ಗೊತ್ತು. ಕಡತಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಡೇಟಾಬೇಸ್ ಬಿಟ್ಟರೆ ಸಾವಿರಾರು ಅನಾಮಧೇಯ ಕಡತಗಳು ಉಳಿಯುತ್ತವೆ. ಡೇಟಾಬೇಸ್ ಉಳಿಸಿ ಕಡತಕೋಶ ಕಳೆದರೆ ಖಾಲಿ ಸೂಚಿ. ಎರಡನ್ನೂ ಒಂದೇ ಹೊತ್ತಿನ ಸ್ಥಿತಿಯಲ್ಲಿ ತೆಗೆಯಬೇಕು. ಪ್ರತಿ ಕಡತದ ಜತೆ ಚೆಕ್‌ಸಮ್ ಎಂಬ ಗುರುತಿನ ಸಂಖ್ಯೆಯನ್ನು ಡಿಸ್ಪೇಸ್ ತಾನೇ ಬರೆದಿಟ್ಟಿರುತ್ತದೆ. ಸ್ಥಳಾಂತರದ ಮೊದಲೂ ಆಮೇಲೂ ಅದನ್ನು ತಾಳೆ ನೋಡಿದರೆ ಒಂದಕ್ಷರ ಕೆಟ್ಟಿದ್ದರೂ ತಿಳಿಯುತ್ತದೆ. ಹಳೆಯ ಭಂಡಾರವನ್ನು ಓದಲು ಮಾತ್ರ ತೆರೆದಿಟ್ಟು, ಬೇರೆ ಯಂತ್ರದಲ್ಲಿ ಒಮ್ಮೆ ಪೂರ್ತಿ ತಾಲೀಮು ನಡೆಸಿ, ತಾಳೆಯಾದ ಮೇಲೆ ಹೊಸದಕ್ಕೆ ದಾಟುವುದು ಸರಿಯಾದ ಕ್ರಮ. ಇದಕ್ಕೆ ದೊಡ್ಡ ಹಣ ಬೇಡ. ಶಿಸ್ತು ಬೇಕು, ಎರಡು ವಾರದ ಬಿಡುವು ಬೇಕು.

ಇನ್ನು ವಿಳಾಸದ ಮಾತು. ಪ್ರಬಂಧವೊಂದರ ಕೊಂಡಿಯನ್ನು ಯಾರೋ ತಮ್ಮ ಪುಸ್ತಕದ ಅಡಿಟಿಪ್ಪಣಿಯಲ್ಲಿ ಹಾಕಿರುತ್ತಾರೆ. ಸರ್ವರ್ ಬದಲಾದಾಗ ಆ ಕೊಂಡಿ ಸತ್ತರೆ ಮುದ್ರಿತ ಪುಸ್ತಕದ ಆಧಾರವೇ ಸತ್ತಂತೆ. ಇದನ್ನು ತಪ್ಪಿಸಲೆಂದೇ ಹ್ಯಾಂಡಲ್ ಎಂಬ ಶಾಶ್ವತ ಸಂಖ್ಯೆಯ ಏರ್ಪಾಟಿದೆ. ಶೋಧಗಂಗಾದ ಹ್ಯಾಂಡಲ್‌ಗಳೆಲ್ಲ 10603 ಎಂದು ಆರಂಭವಾಗುತ್ತವೆ. ಕರ್ನಾಟಕದಲ್ಲಿ ಈ ಶಿಸ್ತಿಗೆ ಒಳ್ಳೆಯ ಮಾದರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರ 2002ರಲ್ಲೇ ಇ-ಪ್ರಿಂಟ್ಸ್ ತಂತ್ರಾಂಶದಿಂದ ಸಂಶೋಧನಾ ಲೇಖನಗಳ ಭಂಡಾರ ತೆರೆಯಿತು, ಮುಂದೆ ಪ್ರಬಂಧಗಳಿಗೆ ಡಿಸ್ಪೇಸ್ ಬಳಸಿತು. ಆ ಕೇಂದ್ರ ಇಂದು ಪ್ರತ್ಯೇಕವಾಗಿ ಇಲ್ಲ, ಹೊಣೆ ಜೆ.ಆರ್.ಡಿ. ಟಾಟಾ ಸ್ಮಾರಕ ಗ್ರಂಥಾಲಯದ್ದು. ಜಾಲತಾಣದ ಹೆಸರೂ ಬದಲಾಯಿತು. ಆದರೆ ಪ್ರಬಂಧಗಳ ಹ್ಯಾಂಡಲ್‌ನಲ್ಲಿ 2005 ಎಂಬ ಪೂರ್ವಸಂಖ್ಯೆ ಹಾಗೇ ಉಳಿದಿದೆ. ವಿಭಾಗ ಕರಗಿದರೂ ವಿಳಾಸ ಕರಗಲಿಲ್ಲ. ಇದನ್ನು ನಾನು ತಾಂತ್ರಿಕ ಚಾತುರ್ಯ ಎನ್ನುವುದಿಲ್ಲ, ಆಡಳಿತದ ನಿಷ್ಠೆ ಎನ್ನುತ್ತೇನೆ.

ಇದಕ್ಕೆ ವಿರುದ್ಧದ ಪಾಠವೂ ಬೆಂಗಳೂರಿನಿಂದಲೇ ಬಂದಿದೆ. ಅದೇ ಸಂಸ್ಥೆಯ ಮುಂದಾಳತ್ವದಲ್ಲಿ ಬೆಳೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಲಕ್ಷಾಂತರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಅದರಲ್ಲಿ ಅಪರೂಪದ ಕನ್ನಡ ಪುಸ್ತಕಗಳು ರಾಶಿಯಾಗಿದ್ದವು. ಆ ತಾಣ ಮುಚ್ಚಿತು. ಅಷ್ಟರೊಳಗೆ ಇಂಟರ್ನೆಟ್ ಆರ್ಕೈವ್‌ಗೆ ಪ್ರತಿ ಏರಿಸಿದ್ದರಿಂದ ಪುಸ್ತಕಗಳು ನಮಗೆ ಉಳಿದವು. ಕನ್ನಡ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ತಪ್ಪುತಪ್ಪಾಗಿ ಇದ್ದದ್ದು ಹಾಗೇ ಅಲ್ಲಿಗೂ ಹೋಯಿತು. ಪ್ರತಿ ಎರಡು ಕಡೆ ಇರಬೇಕೆಂಬುದಕ್ಕೂ, ಕೆಟ್ಟ ಮೆಟಾಡೇಟಾ (ಶೀರ್ಷಿಕೆ, ಹೆಸರುಗಳ ವಿವರ) ತಂತ್ರಾಂಶಕ್ಕಿಂತ ದೀರ್ಘಾಯುಷಿ ಎಂಬುದಕ್ಕೂ ಇದೊಂದೇ ಪ್ರಕರಣ ಸಾಕು.

ಕನ್ನಡದ ಭಂಡಾರಗಳಿಗೆ ಇನ್ನೊಂದು ಸಂಕಟ ಅಂಟಿಕೊಂಡಿದೆ. ನಮ್ಮ ಎಷ್ಟೋ ಮಹಾಪ್ರಬಂಧಗಳು ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಾದವು. ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ. ಒಂದು ಸಾಲನ್ನು ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬೀಳುತ್ತದೆ. ಹುಡುಕುವ ಯಂತ್ರ ಓದುವುದು ಆ ಗೋಜಲನ್ನೇ. ಹೀಗಾಗಿ ಪಠ್ಯದೊಳಗೆ ‘ತತ್ವಪದ’ ಎಂದು ನೂರು ಸಲ ಬಂದಿದ್ದರೂ ಹುಡುಕಿದವರಿಗೆ ಅದು ಸಿಗದು. 5ರಿಂದ 7ಕ್ಕೆ, 7ರಿಂದ 8ಕ್ಕೆ ಎಷ್ಟು ಸಲ ದಾಟಿಸಿದರೂ ಇದು ತಾನಾಗಿ ಸರಿಹೋಗದು. ಬೇಸರವಾಗುವುದು ಇಲ್ಲಿ: ಮೈಸೂರು ವಿಶ್ವವಿದ್ಯಾಲಯದಲ್ಲಿ ಶಾಲಿನಿ ಅರಸ್ ಅವರು ಮುನ್ನಡೆಸಿದ ವಿದ್ಯಾನಿಧಿ ಯೋಜನೆ ಪ್ರಬಂಧಗಳ ಕನ್ನಡ, ಹಿಂದಿ ವಿವರಗಳನ್ನು ಯೂನಿಕೋಡ್‌ನಲ್ಲಿ ಇಡುವುದನ್ನು ಈ ಶತಮಾನದ ಮೊದಲ ವರ್ಷಗಳಲ್ಲೇ ಮಾಡಿ ತೋರಿಸಿತ್ತು. ದಾರಿ ಗೊತ್ತಿತ್ತು, ನಾವು ಅದರಲ್ಲಿ ನಡೆಯಲಿಲ್ಲ. ಸ್ಥಳಾಂತರದ ಹೊತ್ತಿನಲ್ಲಿ ಪ್ರತಿ ದಾಖಲೆಯೂ ಒಮ್ಮೆ ಕೈಗೆ ಬರುತ್ತದೆ. ಶೀರ್ಷಿಕೆ, ಸಂಶೋಧಕರ ಹೆಸರು, ವಿಷಯಪದಗಳನ್ನು ಕನ್ನಡ ಅಕ್ಷರದಲ್ಲಿ ಸೇರಿಸಲು ಅದಕ್ಕಿಂತ ಒಳ್ಳೆಯ ಸಮಯ ಸಿಗದು. ಕನ್ನಡ ವಿಭಾಗವನ್ನು ಹೊರಗಿಟ್ಟು ಕಂಪ್ಯೂಟರ್ ವಿಭಾಗಕ್ಕಷ್ಟೇ ಒಪ್ಪಿಸಿದ ಸ್ಥಳಾಂತರ ಅರೆಬರೆಯಾಗುವುದು ಇದಕ್ಕೇ.

ತಂತ್ರಾಂಶದ ಆಡಳಿತದಲ್ಲೂ ನಮಗೆ ಪಾಲು ಬೇಕು. ಡಿಸ್ಪೇಸ್‌ನ ಹೊಣೆ 2009ರಲ್ಲಿ ಡ್ಯೂರಾಸ್ಪೇಸ್ ಎಂಬ ಲಾಭರಹಿತ ಸಂಸ್ಥೆಗೆ, 2019ರಲ್ಲಿ ಲಿರಾಸಿಸ್‌ಗೆ ಬಂತು. ಸದಸ್ಯ ಸಂಸ್ಥೆಗಳು ಶುಲ್ಕ ಕೊಟ್ಟು ನಾಯಕತ್ವದ ಮಂಡಳಿಯಲ್ಲಿ ಕೂರುತ್ತವೆ, ಮುಂದಿನ ಆವೃತ್ತಿಯಲ್ಲಿ ಏನಿರಬೇಕೆಂದು ಹೇಳುತ್ತವೆ. ಹಣ ಕೊಡಲಾಗದಿದ್ದರೂ ಕೆಲಸ ಕೊಡಬಹುದು. ಹೊಸ ಮುಖಪುಟದ ಪದಗಳೆಲ್ಲ ಒಂದೇ ಕಡತದಲ್ಲಿವೆ. ಹಿಂದಿ, ಬಾಂಗ್ಲಾದವರು ಅದನ್ನು ಅನುವಾದಿಸಿ ಸೇರಿಸಿದ್ದಾರೆ. ಕನ್ನಡದ ಕಡತವನ್ನು ತಯಾರಿಸಿ ಕಾಪಾಡುವ ಕೆಲಸವನ್ನು ನಮ್ಮ ಒಂದು ಗ್ರಂಥಾಲಯ ವಿಜ್ಞಾನ ವಿಭಾಗ ಒಂದು ಸೆಮಿಸ್ಟರಿನಲ್ಲಿ ಮುಗಿಸಬಲ್ಲದು. ಪುಕ್ಕಟೆ ಸಿಕ್ಕಿತೆಂದು ಬಳಸುವವರಾಗಿಯೇ ಉಳಿದರೆ ಕನ್ನಡದ ಅಗತ್ಯ ಆ ಮಂಡಳಿಗೆ ಗೊತ್ತಾಗುವುದಾದರೂ ಹೇಗೆ?

ಈ ಪ್ರಾಂತಕ್ಕೆ ಈ ಚರ್ಚೆ ಇನ್ನಷ್ಟು ತುರ್ತಿನದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 1980ರಲ್ಲಿ ಸ್ವತಂತ್ರವಾದ ಗುಲ್ಬರ್ಗಾ ವಿಶ್ವವಿದ್ಯಾಲಯ ಮುಂದೆ ತಾನೇ ಒಡೆಯುತ್ತ ಬಂತು. ಬಳ್ಳಾರಿ ಬೇರೆಯಾಯಿತು, ಆಮೇಲೆ ರಾಯಚೂರು, ಬೀದರ್. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ವಿಲೀನಗೊಳಿಸುವ ಮಾತು ಸರ್ಕಾರದ ಮಟ್ಟದಲ್ಲೇ ಬಂತು. ಒಂದು ವಿಶ್ವವಿದ್ಯಾಲಯ ಮುಚ್ಚಿದರೆ ಅದರ ಭಂಡಾರದ ವಾರಸುದಾರರು ಯಾರು? ಸರ್ವರ್ ಹರಾಜಿಗೆ ಹೋಗುತ್ತದೋ, ಜಾಲತಾಣದ ಹೆಸರಿನ ವಾರ್ಷಿಕ ಶುಲ್ಕ ಯಾರು ಕಟ್ಟುತ್ತಾರೋ, ಹ್ಯಾಂಡಲ್ ಯಾರ ಹೆಸರಿಗೆ ಬರುತ್ತದೋ ಇವೆಲ್ಲ ಮೊದಲೇ ಬರೆದಿರಬೇಕಾದ ಸಂಗತಿಗಳು. ಶೋಧಗಂಗಾದಲ್ಲಿ ಪ್ರತಿ ಇದೆಯೆಂಬುದು ಸಮಾಧಾನವೇ. ಆದರೆ ಅದು ಪ್ರಬಂಧಗಳಿಗೆ ಮಾತ್ರ. ವಿಭಾಗಗಳು ಸಂಗ್ರಹಿಸಿದ ಜಾನಪದ ಧ್ವನಿಮುದ್ರಿಕೆ, ಶಾಸನಗಳ ಚಿತ್ರ, ಪ್ರಸಾರಾಂಗದ ಹಳೆಯ ಪುಸ್ತಕಗಳಿಗೆ ಅಲ್ಲಿ ಜಾಗವಿಲ್ಲ.

ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. ಕಟ್ಟಡ, ರಸ್ತೆಗಳಿಗೆ ಹಣ ಕೊಡುವ ಮಂಡಳಿ ಈ ಭಾಗದ ವಿಶ್ವವಿದ್ಯಾಲಯಗಳಿಗೆಲ್ಲ ಸೇರಿ ಒಂದು ಸಾಮಾನ್ಯ ಭಂಡಾರಕ್ಕೆ ಹಣ ಕೊಡಬೇಕು. ಅದು ಯಂತ್ರ ಕೊಳ್ಳುವ ಒಂದು ಸಲದ ಅನುದಾನವಾಗದೆ ಇಬ್ಬರು ಕಾಯಂ ತಂತ್ರಜ್ಞರ ಸಂಬಳವಾಗಿ ಬರಬೇಕು. ಕುಲಸಚಿವರು, ಗ್ರಂಥಪಾಲಕರು, ಕನ್ನಡ ಅಧ್ಯಯನ ಸಂಸ್ಥೆಯವರು ಸೇರಿದ ಒಂದು ಸಮಿತಿ ಅದನ್ನು ನಡೆಸಲಿ. ಪ್ರತಿ ವರ್ಷ ಬ್ಯಾಕಪ್‌ನಿಂದ ಮರಳಿ ಕಟ್ಟಿ ತೋರಿಸಿದ ವರದಿ ಸಿಂಡಿಕೇಟಿನ ಮುಂದೆ ಬರಲಿ. ಸಿಂಡಿಕೇಟ್ ಸದಸ್ಯರಲ್ಲಿ ನನ್ನ ಮನವಿ ಇಷ್ಟೇ: ಮುಂದಿನ ಸಭೆಯಲ್ಲಿ ಈ ಒಂದು ವಿಷಯವನ್ನು ಕಾರ್ಯಸೂಚಿಗೆ ಹಾಕಿ, ಭಂಡಾರದ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬ ಪ್ರಶ್ನೆಯಿಂದಲೇ ಶುರು ಮಾಡಿ.